ಅಳತೆಗೆ ನೇಯ್ದ ಜಾಕೀಟು

ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ‘ಉಡಚವ್ವ’ ಎಂಬ ಬೋರ್ಡು ಕಂಡವರು ಖಾನಾವಳಿ ಎಂದುಕೊಂಡು ಒಳಗೆ ಬರುವುದುಂಟು. ಅದು ಫ್ಯಾಷನ್ ಡಿಸೈನರ್ ಅಂಗಡಿ. ಹೆಸರು ಸ್ವಲ್ಪ ಸ್ಟೈಲಾಗಿರಲಿ ಎಂದು ಸಲಹೆ ಕೊಟ್ಟವನು ನಾನೇ.

“ನಮ್ಮವ್ವ ಇಟ್ಟ ಹೆಸರೈತಿ. ನಿನ್ನ ಕೇಳಿ ಇಟ್ಟಿಲ್ಲ,” ಎಂದರು ಉಡಚವ್ವ. ಬಿ.ಕಾಂ. ಮುಗಿಸಿದ ನನಗೆ ಅವರು ಸಂಬಳ ಕೊಡುವುದು ಸೀರೆ ಮಡಚಲಿಕ್ಕೆ, ಇನ್‌ಸ್ಟಾಗ್ರಾಂಗೆ ಫೋಟೋ ತೆಗೆಯಲಿಕ್ಕೆ. ಸಲಹೆ ಪುಕ್ಕಟೆ.

ನರೇಗಲ್ಲಿನ ಒಕ್ಕಲುತನದ ಮನೆಯಿಂದ ಬಂದು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದಿದವರು ಅವರು. ಇಲ್ಲಿಯ ಕೈಮಗ್ಗದ ರೇಷ್ಮೆಗೆ ತಾಂಡಾದ ಹೆಂಗಸರ ಲಂಬಾಣಿ ಕಸೂತಿ ಸೇರಿಸಿ, ಕಾಲೇಜು ಹುಡುಗಿಯರು ಹಾಕುವಂಥ ಜಾಕೀಟು ಮಾಡಬೇಕೆಂಬುದು ಅವರ ಹಟ. ಧಾರವಾಡದ ಪ್ರದರ್ಶನಕ್ಕೆ ಹನ್ನೆರಡು ಬೇಕಿತ್ತು. ಸೀರೆಯ ಮೈಗೂ ಸೆರಗಿಗೂ ಬೇರೆ ಬೇರೆ ಹಾಸು, ಅಂದರೆ ಉದ್ದೆಳೆ, ಹಾಕಿ, ಎಳೆಗಳನ್ನು ಕೊಂಡಿ ಕೊಂಡಿಯಾಗಿ ಕೈಯಲ್ಲೇ ಕೂಡಿಸುವ ನೇಕಾರ ನಿಂಗಪ್ಪಜ್ಜ ಸೀರೆ ನೇಯಲು ಒಪ್ಪಿ, ಮೊದಲನೆಯದನ್ನು ಕಳಿಸಿದ್ದರು. ಅದನ್ನು ಕತ್ತರಿಸುವ ಮಾತು ಅವರ ಮುಂದೆ ಇನ್ನೂ ಬಂದಿರಲಿಲ್ಲ.

ಆ ಕೊಂಡಿಯ ಸಾಲನ್ನು ನಾನು ಹೊಲಿಗೆ ಎಂದು ತಿಳಿದೆ. ಜಾಕೀಟು ಮಾಡಲು ಹೊಲಿಗೆ ಬಿಚ್ಚಬೇಕಲ್ಲ ಎಂದು, ಯಾರೂ ಹೇಳದೆಯೇ ಕತ್ತರಿ ಹಾಕಿದೆ. ಗೇಣುದ್ದ ಹೋಗುವಷ್ಟರಲ್ಲಿ, ಎರಡನೆಯ ಸೀರೆ ಹಿಡಿದು ನಿಂಗಪ್ಪಜ್ಜ ಬಾಗಿಲಲ್ಲಿ ನಿಂತಿದ್ದರು.

“ಒಂದೊಂದ ಎಳಿ ಕೂಡಿಸಾಕ ನಮ್ಮ ಮನ್ಯಾಗ ಅರ್ಧ ದಿನ ಹೋಗತೈತಿ. ನೀ ಅರ್ಧ ನಿಮಿಷದಾಗ ಮುಗಿಸಿದೆಲ್ಲೋ!”

“ತಪ್ಪಾತ್ರಿ, ಅಜ್ಜಾರ.”

“ನೇಯ್ದ ಅರಿವಿಗೆ ಕತ್ತರಿ ಹಾಕೋರಿಗೆ ನಾ ನೇಯಂಗಿಲ್ಲ,” ಎಂದು ಕೈಯಲ್ಲಿದ್ದ ಸೀರೆಯನ್ನೂ ವಾಪಸು ಒಯ್ದರು.

ನನ್ನ ಕೆಲಸ ಹೋಯಿತೆಂದುಕೊಂಡೆ. ಉಡಚವ್ವ ಬೈಯಲಿಲ್ಲ. ಮರುದಿನ ಬೆಳಗ್ಗೆ ಅಜ್ಜನ ಮನೆಗೆ ಹೋಗಿ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತ ಕೂತರು. ಎಂಟು ದಿನ ಹಾಗೆಯೇ. ಅಜ್ಜ ಎಬ್ಬಿಸಲಿಲ್ಲ.

ಒಂಬತ್ತನೆಯ ದಿನ ನಾನು ಬುತ್ತಿ ತಂದಾಗ ಅಜ್ಜ ಒಂದು ಸೀರೆ ಮುಗಿಸಿದ್ದರು. ಅದರ ಮುಂದೆ ಗೇಣಷ್ಟು ಹಾಸನ್ನು ನೇಯದೆ ಬಿಟ್ಟು, ಅಲ್ಲಿ ಕತ್ತರಿಸಿ ಮಗ್ಗದಿಂದ ಸೀರೆ ಇಳಿಸಿದರು.

“ಅಲ್ಲಿ ಕತ್ತರಿ ನಡೀತೈತೇನ್ರಿ?” ಎಂದರು ಉಡಚವ್ವ.

“ಅಲ್ಲಿ ಇನ್ನೂ ನೇಯ್ದಿಲ್ಲಲ್ಲವಾ. ಬರೇ ನೂಲದು.”

“ಹಂಗಾರ ಬೆನ್ನಿಗೊಂದ, ಎದಿಗೆರಡ, ತೋಳಿಗೆರಡ ತುಂಡ ಅಳತಿಗೆ ನೇಯ್ರಿ. ನಡುವ ಹಿಂಗ ಜಾಗಾ ಬಿಡ್ರಿ. ನೇಯ್ದದ್ದಕ್ಕ ನಾ ಕತ್ತರಿ ತಾಗಸಂಗಿಲ್ಲ. ಕೂಡಿಸಿದಲ್ಲೆಲ್ಲ ತಾಂಡಾದವರ ಕಸೂತಿ ಬರತೈತಿ.”

“ಕಂಕುಳ? ಅಲ್ಲಿ ದುಂಡಗ ಕತ್ತರಸ್ತಾರಲ್ಲ?”

“ನೆಟ್ಟಗ ಕೂಡಸ್ತೀನ್ರಿ. ಸಡಿಲ ಆಗತೈತಿ, ಆಗ್ಲಿ.”

“ಅಷ್ಟ ಸಣ್ಣ ಅಗಲಕ್ಕ ಹಾಸು ಬ್ಯಾರೇನ ಹಾಕಬೇಕು.”

“ಹಾಕೂಣ್ರಿ. ನಾನೂ ಎಳಿ ಹಿಡೀತೀನಿ.”

ಅಜ್ಜ ನನ್ನತ್ತ ತಿರುಗಿದರು. “ಏ ತಮ್ಮಾ, ಬಾ ಇಲ್ಲಿ. ಕೈ ಚಾಚು.”

ಚಾಚಿದೆ. ಹೆಗಲಿಂದ ಮಣಿಕಟ್ಟಿನವರೆಗೆ ಗೇಣು ಹಾಕಿದರು.

“ಹುಡುಗ್ಯಾರಿಗೆ ನಾಕ ಬೆರಳ ಕಡಿಮಿ ಹಿಡೀರಿ,” ಎಂದರು ಉಡಚವ್ವ.

“ಮೊದಲ ಒಂದ ನೇಯ್ದ ನೋಡೂಣು. ನಾಳಿ ಲಗೂ ಬಾರವಾ.”

ಇಬ್ಬರೂ ಬಣ್ಣದ ಮಾತಿಗೆ ಇಳಿದರು. ಕೈ ಇಳಿಸು ಎಂದು ನನಗೆ ಯಾರೂ ಹೇಳಲಿಲ್ಲ.