ಎರಡು ಚಪ್ಪಡಿ ಕಲ್ಲು

ಮಗನ ಮದುವೆಗೆಂದು ಕೋಟು ಹೊಲಿಸಲು ಕಳೆದ ವಾರ ಆರ್.ಟಿ. ನಗರದ ಟೈಲರ್ ಅಂಗಡಿಗೆ ಹೋಗಿದ್ದೆ. ಟೈಲರ್ ಟೇಪನ್ನು ನನ್ನ ಬೆನ್ನಿನಿಂದ ಸುತ್ತಿ ತಂದು ಎದೆಯ ಮೇಲೆ ಕೂಡಿಸಿದವರು ಹಾಗೇ ನಿಂತರು. "ಉಸಿರು ಬಿಡಿ ಸಾರ್, ಆರಾಮಾಗಿ ನಿಂತ್ಕೊಳ್ಳಿ" ಎಂದರು. ನಾನು ಉಸಿರು ಕಟ್ಟಿಕೊಂಡು ನಿಂತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ. ಟೇಪಿನ ತುದಿಯ ತಣ್ಣನೆಯ ತಗಡು ಸೋಕಿದರೆ ಸಾಕು, ಎದೆ ತಾನಾಗಿಯೇ ಉಬ್ಬಿ ನಿಲ್ಲುತ್ತದೆ. ನಲವತ್ತು ವರ್ಷ ಕಳೆದರೂ ಆ ಚಾಳಿ ಹೋಗಿಲ್ಲ... ಅದನ್ನು ಹತ್ತಿಸಿದವರು ಉಸ್ತಾದ್.

ಉಸ್ತಾದ್ ಕಸುಬಿನಿಂದ ಹಾಸಿಗೆ ಹೊಲಿಯುವವರು. ಗಂಗಾನಗರದಲ್ಲಿ ಅವರ ಅಂಗಡಿಯ ಹಿಂದೆ ಶೀಟು ಹೊದಿಸಿದ ಒಂದು ಶೆಡ್ಡಿತ್ತು. ಬೆಳಗಿನ ನಮಾಜು ಮುಗಿಸಿ ಬಂದು, ಅಂಗಡಿ ತೆರೆಯುವ ಹೊತ್ತಿನವರೆಗೆ ಅಲ್ಲಿ ನಮಗೆ ಕಸರತ್ತು ಹೇಳಿಕೊಡುತ್ತಿದ್ದರು. ಹಳಬರು ಅದನ್ನು ಗರಡಿ ಎನ್ನುತ್ತಿದ್ದರು, ನಾವು ಠೀವಿಯಿಂದ ಜಿಮ್ಮು ಎನ್ನುತ್ತಿದ್ದೆವು. ಇದ್ದದ್ದು ಒಂದು ಕಬ್ಬಿಣದ ಸರಳು, ಅದಕ್ಕೆ ಸಿಕ್ಕಿಸಲು ಹಳೇ ಲಾರಿಯ ಗೇರು ಚಕ್ರಗಳು, ಒಂದು ಬೆಂಚು. ಬೆಂಚಿಗೆ ತೆಂಗಿನ ನಾರು ತುಂಬಿ ಹಾಸಿಗೆಯ ಪಟ್ಟೆ ಬಟ್ಟೆ ಹೊಲಿದವರೂ ಅವರೇ. ಅವರ ಗಡ್ಡದಲ್ಲಿ ನರೆ ಎಷ್ಟು, ಹತ್ತಿ ಎಷ್ಟು ಎಂದು ಹೇಳುವುದು ಕಷ್ಟವಿತ್ತು.

ಆ ಒಂದೇ ಬೆಂಚು ನಮ್ಮ ದಿನನಿತ್ಯದ ಜಗಳ. ಹಾಗೇ ಬಿಟ್ಟರೆ ಫ್ಲ್ಯಾಟು. ತಲೆ ಬರುವ ಕಡೆಯ ಬೆಂಚಿನ ಕಾಲುಗಳ ಕೆಳಗೆ ಎರಡು ಚಪ್ಪಡಿ ಕಲ್ಲು ಒಂದರ ಮೇಲೊಂದು ಇಟ್ಟು ಎತ್ತರಿಸಿದರೆ ಇನ್‌ಕ್ಲೈನು. ಉಸ್ತಾದ್ ಬಾಯಲ್ಲಿ ಆ ಹೆಸರುಗಳಿರಲಿಲ್ಲ. ಮಲಗಿ ಎತ್ತೋದು, ಒರಗಿ ಎತ್ತೋದು, ಅಷ್ಟೇ. ಮಲಗಿದರೆ ಹೆಚ್ಚು ಭಾರ ಏಳುತ್ತದೆ, ಎದೆ ಬೇಗ ತುಂಬುತ್ತದೆ, ನೋಡುವವರ ಮುಂದೆ ಮರ್ಯಾದೆ. ಒರಗಿದರೆ ಎರಡು ಚಕ್ರ ಕಡಿಮೆ ಹಾಕಬೇಕು. ಅದು ಆ ವಯಸ್ಸಿನ ಯಾವ ಹುಡುಗನಿಗೆ ಇಷ್ಟವಾಗುತ್ತದೆ?

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಕೆಲಸಕ್ಕಿದ್ದೆ. ನನಗೆ ಪೊಲೀಸ್ ಆಗಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ. ಓಟದಲ್ಲಿ ಪಾಸಾಗುತ್ತಿದ್ದೆ, ಎತ್ತರ ಸಾಲುತ್ತಿತ್ತು, ಎದೆಯ ಅಳತೆಯಲ್ಲಿ ಮಾತ್ರ ಒಂದಿಂಚು ಕಡಿಮೆ ಬಂದು ಎರಡು ಸಲ ವಾಪಸ್ಸಾಗಿದ್ದೆ. ವಯಸ್ಸಿನ ಲೆಕ್ಕದಲ್ಲಿ ಇನ್ನು ಉಳಿದದ್ದು ಒಂದೇ ಸಲ. ಮೂರು ತಿಂಗಳು ಸಮಯವಿತ್ತು.

ಉಸ್ತಾದ್ ಹಾಸಿಗೆ ಅಳೆಯುವ ಟೇಪನ್ನೇ ನನಗೆ ಸುತ್ತಿದರು. ಉಸಿರು ಬಿಡಿಸಿ ಒಮ್ಮೆ, ಎಳೆಸಿ ಒಮ್ಮೆ. "ಅವ್ರು ಎರಡು ಸಲ ಅಳೀತಾರೆ ಬೇಟಾ. ಎದೆ ಎಷ್ಟಿದೆ ಅಂತ ಒಂದ್ಸಲ, ಎಷ್ಟು ಬಿಚ್ಚುತ್ತೆ ಅಂತ ಒಂದ್ಸಲ. ಎರಡಿಂಚು ಬಿಚ್ಚಬೇಕು. ಮಲಗಿ ಎತ್ತಿದ್ರೆ ದಪ್ಪ ಆಗುತ್ತೆ, ಬಿಗಿದ್ಕೊಳ್ಳುತ್ತೆ. ನೀನು ಒರಗೇ ಎತ್ತು. ಭಾರ ಕಮ್ಮಿ, ಉಸಿರು ಜಾಸ್ತಿ."

ಹಾಗೆಂದು ಅಂಗೈಯನ್ನು ನನ್ನ ಎದೆಯ ಮೇಲಿಟ್ಟು, "ಎಳಿ" ಎಂದು ಏಕ್, ದೋ ಎಣಿಸುತ್ತಿದ್ದರು. ಇಪ್ಪತ್ತೈದರವರೆಗೆ ಉಸಿರು ಹಿಡಿಯಬೇಕಿತ್ತು. ಆಮೇಲೆ ಬರೀ ಎರಡು ಚಕ್ರದ ಸರಳು, ಒರಗಿದ ಬೆಂಚಿನ ಮೇಲೆ, ನಿಧಾನಕ್ಕೆ. ಅವರು ಹೇಳಿದ್ದು ವೈದ್ಯರ ಪ್ರಕಾರ ಸರಿಯೋ ತಪ್ಪೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಗಂತೂ ಮುದುಕರು ನನ್ನ ಮೂರು ತಿಂಗಳನ್ನು ಹಾಳು ಮಾಡುತ್ತಿದ್ದಾರೆ ಅನ್ನಿಸಿತು.

ಹದಿನೈದು ದಿನ ಮಾತು ಕೇಳಿದೆ. ಆಮೇಲೆ ಅವರು ಅಂಗಡಿ ತೆರೆಯಲು ಹೋದ ಕೂಡಲೇ ಕಲ್ಲು ತೆಗೆದು, ಗೆಳೆಯನೊಬ್ಬನನ್ನು ತಲೆಯ ಹತ್ತಿರ ನಿಲ್ಲಿಸಿಕೊಂಡು, ಮಲಗಿ ಎತ್ತತೊಡಗಿದೆ. ನಾಲ್ಕು ಚಕ್ರ, ಆರು ಚಕ್ರ. ಮುಗಿದ ಮೇಲೆ ಕಲ್ಲುಗಳನ್ನು ಮತ್ತೆ ಇದ್ದಲ್ಲೇ ಇಟ್ಟು ಮಂಡಿಗೆ ಓಡುತ್ತಿದ್ದೆ. ಅಂಗಿಯ ಗುಂಡಿಗಳು ಎಳೆದುಕೊಳ್ಳತೊಡಗಿದವು. ಅಮ್ಮ ನೋಡಿ ದೃಷ್ಟಿ ತೆಗೆದಳು. ಬಹಳ ಖುಷಿಯಾಗಿತ್ತು ನನಗೆ... ಅಷ್ಟು ಖುಷಿ ಆಮೇಲೆ ಯಾವುದಕ್ಕೂ ಆದ ನೆನಪಿಲ್ಲ.

ಆಯ್ಕೆಯ ದಿನ ಮೈದಾನದಲ್ಲಿ ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತೆವು. ನನ್ನಷ್ಟು ಎದೆ ಆ ಸಾಲಿನಲ್ಲಿ ಯಾರಿಗೂ ಇರಲಿಲ್ಲ. ಟೇಪು ಹಿಡಿದಿದ್ದ ಪೇದೆ ಮೂವತ್ತಾರು ಎಂದು ಕೂಗಿ, ಮೆಚ್ಚಿಕೊಂಡು ನನ್ನ ಮುಖ ನೋಡಿದರು. "ಈಗ ಉಸಿರು ಎಳಿ" ಎಂದರು. ಎಳೆದೆ. "ಎಳಿಯಯ್ಯಾ." ಎಳೆದೆ. ಭುಜ ಏರಿತು, ಕಣ್ಣು ಕೆಂಪಾಯಿತು, ಎದೆ ಬಿಗಿದುಕೊಂಡಿತ್ತು. "ಅಷ್ಟೇನಾ?" "ಅಷ್ಟೇ ಸಾರ್." ಅರ್ಧ ಇಂಚು ಕಡಿಮೆ. ಅವರು ಏನನ್ನೋ ಬರೆದುಕೊಂಡು ನನ್ನ ಹಿಂದೆ ನಿಂತವನನ್ನು ಕರೆದರು. ನಾನು ಅಂಗಿ ಹಾಕಿಕೊಂಡು ಬಂದೆ.

ಸಂಜೆ ಅಂಗಡಿಗೆ ಹೋದಾಗ ಉಸ್ತಾದ್ ಹಾಸಿಗೆಯ ಮೇಲೆ ಕೂತು ದಬ್ಬಳದಲ್ಲಿ ಹೊಲಿಗೆ ಹಾಕುತ್ತಿದ್ದರು. ತಲೆ ಎತ್ತಿ, "ಬಿಚ್ಚಿತಾ?" ಎಂದು ಕೇಳಿದರು. ಇಲ್ಲ ಎನ್ನಲೆಂದೇ ಹೋಗಿದ್ದೆ. ಇಲ್ಲ ಎಂದರೆ ಕಲ್ಲಿನ ವಿಷಯವನ್ನೂ ಹೇಳಬೇಕಿತ್ತು. "ಬಿಚ್ಚಿತು ಉಸ್ತಾದ್" ಎಂದುಬಿಟ್ಟೆ. ಅವರು ಎದ್ದು ಜಿಲೇಬಿ ತರಿಸಿದರು. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು, "ನಮ್ಮ ಹುಡುಗ ಪೊಲೀಸ್ ಆದ, ಒರಗಿ ಎತ್ತಿ ಪೊಲೀಸ್ ಆದ" ಎಂದು ಹಂಚಿದರು. ನಾನೂ ಒಂದು ತಿಂದೆ. ಮರುದಿನದಿಂದ ಶೆಡ್ಡಿಗೆ ಹೋಗಲಿಲ್ಲ. ಮಂಡಿಗೆ ಹೋಗಲು ಅವರ ಅಂಗಡಿ ಸಿಗದ ದಾರಿ ಹಿಡಿದೆ.

ಎರಡು ವರ್ಷದ ಮೇಲೆ ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಸಿಕ್ಕೇಬಿಟ್ಟರು. ಬಾಗಲೂರಿಗೆ ತಲುಪಿಸಬೇಕಾದ ಹಾಸಿಗೆಯೊಂದನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟುಕೊಂಡಿದ್ದರು. ನನ್ನ ಮೈಯೆಲ್ಲ ಈರುಳ್ಳಿ ವಾಸನೆ.

"ಕ್ಯಾ ಬೇಟಾ, ಖಾಕಿ ಎಲ್ಲಿ?"

"ಇವತ್ತು ರಜಾ ಉಸ್ತಾದ್."

"ಹಾಂ" ಎಂದರು. ಆಮೇಲೆ ಅಷ್ಟು ಜನರ ನಡುವೆ ಅಂಗೈ ತಂದು ನನ್ನ ಎದೆಯ ಮೇಲಿಟ್ಟರು. "ಎಳಿ." ಎಳೆದೆ. ಮೆಲ್ಲಗೆ ಎಣಿಸಿದರು. ಹನ್ನೊಂದಕ್ಕೆ ನನ್ನ ಉಸಿರು ಮುಗಿದುಹೋಯಿತು. ಅವರು ಕೈ ತೆಗೆದು, ನನ್ನ ಅಂಗಿಗೆ ಅಂಟಿದ ಹತ್ತಿಯ ಎಳೆಯನ್ನು ಬಿಡಿಸಿದರು.

"ದೊಡ್ಡ ಕಲ್ಲು ಕೆಳಗೆ ಬರ್ಬೇಕು ಬೇಟಾ, ಚಿಕ್ಕದು ಮೇಲೆ. ನೀನು ದಿನಾ ಉಲ್ಟಾ ಇಡ್ತಿದ್ದೆ."

ಅಷ್ಟರಲ್ಲಿ ಬಸ್ಸು ಬಂತು. ಹಾಸಿಗೆಯ ಒಂದು ಕೊನೆ ನಾನು ಹಿಡಿದುಕೊಂಡೆ, ಇಬ್ಬರೂ ಸೇರಿ ಮೇಲಕ್ಕೆ ಹತ್ತಿಸಿದೆವು. ಕಿಟಕಿಯಿಂದ ಅವರು ಕೈ ಎತ್ತಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮತ್ತೆ ಭೇಟಿಯಾಗಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಮಂಡಿಯ ಗೇಟಿನ ಹತ್ತಿರ ಖಾಕಿ ತೊಟ್ಟ ಯುವಕನೊಬ್ಬ ನನ್ನನ್ನೇ ದಿಟ್ಟಿಸಿ ನೋಡಿ, ಹತ್ತಿರ ಬಂದು ಸೆಲ್ಯೂಟ್ ಹೊಡೆದ. "ಗಂಗಾನಗರದವ್ರಲ್ವಾ ಸಾರ್? ಉಸ್ತಾದ್ ಹುಡುಗ್ರು ನಾವು. ನೀವು ಸೆಲೆಕ್ಟ್ ಆದ ದಿನ ಜಿಲೇಬಿ ತಿಂದಿದ್ದೆ, ಚಿಕ್ಕವನಿದ್ದೆ ಆಗ. ನಿಮ್ ಉದಾಹರಣೆ ಕೊಟ್ಟೂ ಕೊಟ್ಟೂ ನಮ್ಮನ್ನ ಒಂದಿನಾನೂ ಮಲಗಿ ಎತ್ತಕ್ಕೆ ಬಿಡ್ಲಿಲ್ಲ. ಮೂರು ಜನ ಸೆಲೆಕ್ಟ್ ಆದ್ವಿ ನೋಡಿ. ಕೊನೇವರ್ಗೂ ನಿಮ್ ಹೆಸ್ರೇ ಹೇಳೋರು."

"ಕೊನೇವರ್ಗೂ ಅಂದ್ರೆ?"

"ಅಯ್ಯೋ, ಗೊತ್ತಿಲ್ವಾ ಸಾರ್? ತೀರ್ಕೊಂಡ್ರು. ಎರಡು ತಿಂಗಳಾಯ್ತು." ಟೋಪಿ ಸರಿ ಮಾಡಿಕೊಂಡು, "ನೀವು ಈಗ ಯಾವ ಸ್ಟೇಷನ್ ಸಾರ್?" ಎಂದು ಕೇಳಿದ.

ಏನು ಹೇಳಿದೆನೋ ನೆನಪಿಲ್ಲ. ಅಳು ಬರಲಿಲ್ಲ, ಏನೂ ಬರಲಿಲ್ಲ. ಮಂಡಿಯೊಳಗೆ ಹೋಗಿ ಮೂಟೆಗಳ ನಡುವೆ ಕೂತೆ. ಆ ದಿನ ಎಷ್ಟು ಲಾರಿ ಬಂತು, ಯಾರು ಯಾರು ಬಂದರು, ಅದೆಲ್ಲ ನೆನಪಿದೆ. ನನ್ನ ಸುಳ್ಳನ್ನು ಅವರು ಅಷ್ಟು ವರ್ಷ ಯಾಕೆ ಹೊತ್ತುಕೊಂಡರು ಎಂದು ಯೋಚಿಸಿದ್ದು ಬಹಳ ವರ್ಷಗಳ ನಂತರ. ಕೇಳಲು ಅವರಿಲ್ಲ. ಶೆಡ್ಡಿದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಮನೆಯಿದೆ.

"ಸಾರ್, ಬಿಡಿ ಉಸಿರು" ಎಂದು ಟೈಲರ್ ಇನ್ನೊಮ್ಮೆ ಹೇಳಿದರು. ಬಿಟ್ಟೆ. ಟೇಪು ಸಡಿಲವಾಗಿ ಜಾರಿತು. ಅವರು ಅಳತೆ ಬರೆದುಕೊಂಡು, ಚೀಟಿ ನೋಡಿ ನಕ್ಕರು. "ಉಸಿರು ಹಿಡ್ಕೊಂಡಾಗ ಎರಡಿಂಚು ಜಾಸ್ತಿ ತೋರಿಸ್ತಿತ್ತು ಸಾರ್. ಹಂಗೇ ಹೊಲಿದಿದ್ರೆ ಕೋಟು ದೊಗಳೆ ಆಗ್ಬಿಡೋದು."

"ಎಷ್ಟು?" ಎಂದೆ.

"ಎರಡಿಂಚು ಸಾರ್. ಪೂರ್ತಿ ಎರಡಿಂಚು."