ಅಪ್ಪನ ಪಾಲಿನ ಊಟ

ನಮ್ಮಪ್ಪ ತೀರಿಕೊಂಡ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕಲಬುರಗಿಯ ಸೇಡಂ ರಸ್ತೆಯ ಒಂದು ಹೋಟೆಲಿನಲ್ಲಿ ತಿಂಗಳಿಗೊಮ್ಮೆ ಊಟ ಮಾಡಿದ. ಇದನ್ನು ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. ನೋಡಲಿ. ಅವನನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದವಳು ಅವ್ವ, ದುಡ್ಡು ಸರ್ಕಾರದ್ದು, ಮೊದಲ ಮೂರು ತಿಂಗಳು ಅವನ ಹೆಸರಿನಲ್ಲಿ ಉಂಡವಳು ನಾನು.

ಆಗ ಸರ್ಕಾರ ರೇಷನ್ ಕಾರ್ಡಿನವರಿಗೆ ಹೆಚ್ಚಿಗೆ ಅಕ್ಕಿ ಕೊಡುತ್ತೇನೆಂದು ಹೇಳಿತ್ತು. ಅಷ್ಟು ಅಕ್ಕಿ ಸಿಗಲಿಲ್ಲವೆಂದು ಅದರ ಬದಲು ತಲೆಗಿಷ್ಟು ಅಂತ ಮನೆಯ ಯಜಮಾನಿಯ ಖಾತೆಗೆ ದುಡ್ಡು ಹಾಕುತ್ತಿತ್ತು. ನಮ್ಮ ತವರಿನ ಕಾರ್ಡು ಕಮಲಾಪುರದ್ದು. ಅದರಲ್ಲಿ ಅವ್ವ, ಅಪ್ಪ, ಅಣ್ಣ, ವೈನಿ, ಅವರ ಇಬ್ಬರು ಮಕ್ಕಳು. ಅಪ್ಪ ಆ ಬೇಸಿಗೆಯಲ್ಲೇ ಹೋಗಿದ್ದ. ಹೆಸರು ಹಾಗೇ ಉಳಿದಿತ್ತು. ಒಬ್ಬರ ಹೆಸರು ತೆಗೆಯಲು ಹೋದರೆ ಕಂಪ್ಯೂಟರು ಇಡೀ ಕಾರ್ಡನ್ನೇ ನುಂಗುತ್ತದೆ ಎಂದು ಅಣ್ಣನಿಗೆ ಯಾರೋ ಚಹಾದಂಗಡಿಯಲ್ಲಿ ಹೇಳಿದ್ದರು. ಅಣ್ಣ ಕಳ್ಳನಲ್ಲ, ಸೋಮಾರಿ. ಹೆದರಲಿಕ್ಕೆ ಒಂದು ನೆಪ ಸಿಕ್ಕರೆ ಅವನು ಕುಳಿತಲ್ಲಿಂದ ಏಳುವುದಿಲ್ಲ.

ಹೀಗಾಗಿ ಸತ್ತವನ ಅಕ್ಕಿಯ ದುಡ್ಡೂ ಬಂತು. ಬೇರೆ ಮನೆಯಾಗಿದ್ದರೆ ಅದು ಎಣ್ಣೆಗೋ ಮೊಬೈಲಿಗೋ ಹೋಗಿ ಯಾರಿಗೂ ನೆನಪಿರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದು ದೊಡ್ಡ ಫಜೀತಿಯಾಯಿತು, ಯಾಕೆಂದರೆ ನಮ್ಮಪ್ಪ ಟೇಲರ್.

ಟೇಲರ್ ಆದರೂ ಎಂಥ ಟೇಲರ್! ಉಳಿದ ಬಟ್ಟೆಯ ಚೂರುಗಳನ್ನು ಗಂಟು ಕಟ್ಟಿ, ಹೊಲಿದ ಅಂಗಿಯ ಜೊತೆಗೆ ಗಿರಾಕಿಗೆ ವಾಪಸ್ ಕೊಡುತ್ತಿದ್ದ. ಗಿರಾಕಿಗಳು ಬೇಡವೆಂದರೂ ಅವರ ಕೈಗೆ ತುರುಕುತ್ತಿದ್ದ. ಊರಿನ ಎಲ್ಲಾ ಟೇಲರುಗಳ ಮನೆಯಲ್ಲಿ ಚೂರು ಜೋಡಿಸಿ ಹೊಲಿದ ಕೌದಿಗಳು ರಾಶಿ ಇರುತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಕೌದಿಯನ್ನು ದುಡ್ಡು ಕೊಟ್ಟು ತಂದಿದ್ದೆವು. ಅದಕ್ಕಾಗಿ ಅವನು ಬದುಕಿದ್ದಷ್ಟು ದಿನ ಅವ್ವ ಅವನನ್ನು ಬೈದಳು. ಅವನು ಸತ್ತ ಮೇಲೆ ತಾನೇ ಅವನಿಗಿಂತ ಹೆಚ್ಚು ನಿಷ್ಠುರಳಾದಳು.

"ಜಲ್ಮದಾಗ ಒಂದ್ ತುಂಡ ಅರಬಿ ಇಟ್ಕೊಂಡವ್ರಲ್ಲ. ಸತ್ತ ಮ್ಯಾಲ ಸರ್ಕಾರದ್ದು ಕದ್ದು ತಿಂದ್ರು ಅಂತ ಅವ್ರ ಹೆಸರಿಗಿ ಬರಬಾರ್ದು" ಎಂದಳು.

ಮೊದಲು ಬ್ಯಾಂಕಿಗೆ ಹೋದಳು. ಕೌಂಟರಿನಲ್ಲಿದ್ದವರು ಒಳ್ಳೆಯವರು, ನಗಲಿಲ್ಲ. "ಬಂದ ರೊಕ್ಕ ಸರ್ಕಾರಕ್ಕ ವಾಪಸ್ ಮಾಡೋ ಫಾರಂ ನಮ್ಮ ಹಂತ್ಯಾಕ ಇಲ್ಲವ್ವ" ಎಂದರು. "ಹಂಗಾದ್ರ ಬ್ಯಾಡಾಗ್ಯಾದ ಅಂತ ಬರ್ಕೋರಿ" ಎಂದಳು ಅವ್ವ. ಬೇಡ ಎಂದು ಬರೆದುಕೊಳ್ಳಲಿಕ್ಕೂ ಜಾಗವಿರಲಿಲ್ಲವಂತೆ. ಹೆಸರು ತೆಗೆಸು ಎಂದು ಅಣ್ಣನಿಗೆ ಹೇಳಿದಳು. ಅವನು ನಾಳೆ ಎಂದ. ಅವನ ನಾಳೆಗಳು ನನಗೆ ಚಿಕ್ಕಂದಿನಿಂದ ಗೊತ್ತು.

ಆಗ ಅವ್ವ ತನ್ನದೇ ದಾರಿ ಹುಡುಕಿದಳು. ಸರ್ಕಾರ ಆ ದುಡ್ಡು ಕೊಟ್ಟದ್ದು ಅಪ್ಪನ ಹೊಟ್ಟೆಗೆ. ಅದು ಅಪ್ಪನ ಹೊಟ್ಟೆಗೇ ಹೋದರೆ ಕಳವಿನ ಮಾತೆಲ್ಲಿ? ಅಕ್ಕಿ ತಂದು ಮನೆಯಲ್ಲಿ ಬೇಯಿಸೋಣವೆಂದರೆ ಒಂದೇ ಪಾತ್ರೆಯಲ್ಲಿ ಎಲ್ಲರ ಅನ್ನ ಕಲೆತುಹೋಗುತ್ತದೆ, ಯಾರ ಪಾಲು ಯಾರು ಉಂಡರೆಂದು ತಿಳಿಯುವುದಿಲ್ಲ. ಆದ್ದರಿಂದ ಬೇರೆ ತಟ್ಟೆ ಬೇಕು, ಬೇರೆ ಬಡಿಸಬೇಕು. ಅಂದರೆ ಹೋಟೆಲಾಗಬೇಕು.

ಕಮಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರವೇ ಖಾನಾವಳಿ ಇದೆ. ಅಲ್ಲಿ ಆಗದು. "ನಮ್ಮೂರಾಗ ನಾ ಖಾನಾವಳ್ಯಾಗ ಕುಂತ್ರ, ಸೊಸಿ ಕೂಳ ಹಾಕಂಗಿಲ್ಲ ಅಂತ ಮಂದಿ ಮಾತಾಡ್ತಾರ" ಎಂದಳು. ವೈನಿಯ ಮರ್ಯಾದೆಯೂ ಉಳಿಯಬೇಕು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಹೀಗೆ ಅವ್ವ ತಿಂಗಳಿಗೊಮ್ಮೆ ಫ್ರೀ ಬಸ್ಸಿನಲ್ಲಿ ಅಪ್ಪನ ಪಾಲಿನ ದುಡ್ಡು ಸೆರಗಿಗೆ ಕಟ್ಟಿಕೊಂಡು, ಜೇವರ್ಗಿ ಕಾಲೋನಿಯ ನನ್ನ ಮನೆಗೆ ಬರತೊಡಗಿದಳು. ಬಂದು ನೀರು ಕುಡಿದು, "ನಡಿ, ನಿಮ್ಮಪ್ಪಗ ಹಸಿವಿ ಆಗ್ಯದ" ಎನ್ನುತ್ತಿದ್ದಳು.

ಸೇಡಂ ರಸ್ತೆಯ ಆ ಹೋಟೆಲನ್ನು ಆರಿಸಿದ್ದಕ್ಕೂ ಕಾರಣವಿತ್ತು. ಸಾದಾ ಊಟದಲ್ಲಿ ದುಡ್ಡು ಉಳಿಯುತ್ತದೆ, ಉಳಿದರೆ ಮತ್ತೆ ಅದೇ ತಲೆನೋವು. ಅಲ್ಲಿನ ಸ್ಪೆಷಲ್ ಊಟಕ್ಕೆ ಅಪ್ಪನ ಪಾಲು ಸರಿಹೊಂದುತ್ತಿತ್ತು. ಆದರೆ ಸ್ಪೆಷಲ್ ಊಟದಲ್ಲಿ ಮೊದಲು ರೊಟ್ಟಿ ಬರುತ್ತದೆ. ಅವ್ವ ಕೈ ಅಡ್ಡ ಹಿಡಿದಳು. ಇದು ಅಕ್ಕಿಯ ದುಡ್ಡು, ರೊಟ್ಟಿ ಹಾಕಬೇಡಿ, ಅನ್ನ ಮಾತ್ರ ಹಾಕಿ.

"ರೊಟ್ಟಿ ಊಟದಾಗೇ ಅದರೀ ಅಮ್ಮಾ, ಅದಕ್ಕ ಬ್ಯಾರೆ ರೊಕ್ಕ ಇಲ್ಲ" ಎಂದರು ಬಡಿಸುವವರು.

"ಇರಬಹುದು. ಅವ್ರಿಗಿ ಅಕ್ಕಿ ಕೊಟ್ಟಾರ, ಅಕ್ಕಿನೇ ಉಣ್ಣಬೇಕು."

ಬಡಿಸುವವರು ಮೇಜಿನ ಸುತ್ತ "ಅವ್ರು" ಎಲ್ಲಿದ್ದಾರೆಂದು ನೋಡಿದರು. ನಾನು ತಟ್ಟೆ ನೋಡಿದೆ. ಬದುಕಿದ್ದಾಗ ಅಪ್ಪ ಅನ್ನವನ್ನು ಜ್ವರ ಬಂದವರ ಊಟ ಎನ್ನುತ್ತಿದ್ದ, ಜೋಳದ ರೊಟ್ಟಿ ಇಲ್ಲದಿದ್ದರೆ ಉಂಡಂತೇ ಅಲ್ಲ ಅವನಿಗೆ. ಈಗ ಸತ್ತು, ಪ್ರಾಮಾಣಿಕತೆಗಾಗಿ ಮೂರು ಸಲ ಅನ್ನ ಹಾಕಿಸಿಕೊಳ್ಳುವ ಪಾಳಿ ಬಂದಿತ್ತು. ಅವ್ವನಿಗೆ ತನ್ನ ಪಾಲಿನ ದುಡ್ಡಿನದೊಂದು ತಟ್ಟೆ ಬೇರೆ ಬರುತ್ತಿತ್ತು. ಅಪ್ಪನ ತಟ್ಟೆಯಿಂದ ನಾನು ಮೊದಲ ತುತ್ತು ಎತ್ತುವ ತನಕ ಅವಳು ತನ್ನದಕ್ಕೆ ಕೈ ಹಚ್ಚುತ್ತಿರಲಿಲ್ಲ.

ಮೂರು ತಿಂಗಳು ನಾನು ಅಪ್ಪನಾಗಿ ಉಂಡೆ. ಒಂದು ಅಗುಳೂ ಬಿಡುವ ಹಾಗಿಲ್ಲ, ಅವನು ಬಿಡುತ್ತಿರಲಿಲ್ಲ. ಮಾತಾಡುವ ಹಾಗಿಲ್ಲ, ಅವನು ಮಾತಾಡುತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದೆ, "ಅವ್ರು ಎಂದೂ ಹಂಗ ಅಂದವ್ರಲ್ಲ" ಎಂದು ಗದರಿದಳು. ಮನೆಗೆ ಬಂದು ನಾಲ್ಕು ಗಂಟೆಗೆ ಮಕ್ಕಳಿಗೆ ಟ್ಯೂಷನ್ ಹೇಳಿಕೊಡಲು ಕುಳಿತರೆ ಕಣ್ಣು ಎಳೆಯುತ್ತಿದ್ದವು. ಮಕ್ಕಳು ಮಗ್ಗಿ ತಪ್ಪಿ ಹೇಳಿದರೂ ಹೂಂ ಎನ್ನುತ್ತಿದ್ದೆ. ಕೊನೆಗೆ ಸಿಟ್ಟು ಬಂದು ಹೇಳಿದೆ: "ಅವ್ವಾ, ನನ್ನ ಹೊಟ್ಟಿಗಿ ಹಾಕಿದ್ದು ನನಗ ಹತ್ತಾಕತ್ತದ, ಅಪ್ಪಗ ಅಲ್ಲ. ನೋಡು, ಜಂಪರ್ ಬಿಗಿ ಆಗ್ಯಾವ."

ಅವಳು ನನ್ನ ರಟ್ಟೆ ಹಿಡಿದು ನೋಡಿದಳು. ಮಾತು ಖರೇ ಅನಿಸಿರಬೇಕು. ಮುಂದಿನ ತಿಂಗಳಿಂದ ಅಪ್ಪನ ಊಟ ಉಣ್ಣಲು ಬೇರೆಯವರನ್ನು ಹುಡುಕತೊಡಗಿದಳು.

ಇದು ನನ್ನ ಬದುಕಿನಲ್ಲೇ ಅತಿ ನಾಚಿಕೆಯ ಕಾಲ. ಹೋಟೆಲಿನ ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತು ಅವ್ವ ಒಳಗೆ ಬರುವ ಗಂಡಸರನ್ನು ತೂಗಿ ನೋಡುವಳು. ವಯಸ್ಸು ಅರವತ್ತರ ಆಸುಪಾಸಿರಬೇಕು, ಕೈ ತೊಳೆದು ಬಂದಿರಬೇಕು, ಮೊಬೈಲು ಹಿಡಿದಿರಬಾರದು. ಒಪ್ಪಿಗೆಯಾದವರನ್ನು ಕರೆದು ನೇರವಾಗಿ ಹೇಳುವಳು: "ಇದು ನಮ್ಮ ಮನಿಯವ್ರ ಊಟ ರೀ. ಅವ್ರು ತೀರಿಕೊಂಡಾರ. ನೀವು ಉಂಡ್ರ ಅವ್ರಿಗಿ ಮುಟ್ಟತದ."

ಒಬ್ಬರು ಕೇಳಿದವರೇ ಚಪ್ಪಲಿ ಹುಡುಕುತ್ತಾ ಹೊರಟುಹೋದರು. ಇನ್ನೊಬ್ಬರು ಯಾವ ಪಕ್ಷದವರೆಂದು ಕೇಳಿ, ಊಟ ಮುಗಿಸಿ, ಫೋಟೋ ತೆಗೆಯುವವರಿಗಾಗಿ ಕಾಯುತ್ತಾ ಕುಳಿತರು. ಆಸ್ಪತ್ರೆಯಲ್ಲಿ ಹೆಂಡತಿಯನ್ನು ಸೇರಿಸಿದ್ದ ಒಬ್ಬ ಹಿರಿಯರು ಅನ್ನ ಕಲೆಸಿದವರು ಹಾಗೇ ಅತ್ತುಬಿಟ್ಟರು. ಅವ್ವ ಅವರಿಗೆ ಸಮಾಧಾನ ಹೇಳಿದಳು. ಆಮೇಲೆ, "ಉಂಡು ಅಳ್ರಿ, ಆರ್ತದ" ಎಂದು ನೆನಪಿಸಿದಳು.

ಎಲ್ಲರಿಗಿಂತ ಚೆನ್ನಾಗಿ ಪಾಸಾದವರು ಕಪನೂರಿನ ಕಾರ್ಖಾನೆಯೊಂದರ ವಾಚ್‌ಮನ್ ಒಬ್ಬರು. ಮಾತಿಲ್ಲದೆ, ತಲೆ ಎತ್ತದೆ, ತಟ್ಟೆ ತೊಳೆದ ಹಾಗೆ ಉಂಡರು. ಅವ್ವ ನನ್ನ ಕಡೆ ನೋಡಿ ಕಣ್ಣಲ್ಲೇ ಹೇಳಿದಳು, ಹೀಗೆ ಉಣ್ಣಬೇಕು. ಅವರು ಕೈ ತೊಳೆದು ಬಂದು, "ಮುಂದಿನ ತಿಂಗಳ ಸಾಹೇಬ್ರಿಗಿ ಯಾವತ್ತ ಊಟ ಅದರೀ ಅಮ್ಮಾ?" ಎಂದರು. ಆಮೇಲೆ ಪ್ರತಿ ತಿಂಗಳೂ ಅವರೇ ಬಂದರು. ಹೋಟೆಲಿನವರಿಗೂ ರೂಢಿಯಾಯಿತು. ಗಲ್ಲೆಯಲ್ಲಿ ಕುಳಿತ ಮಾಲೀಕರು ಒಳಗೆ ಕೂಗುತ್ತಿದ್ದರು: "ಟೇಲರ್ ಸಾಬ್ರದು ಏಕ್ ಸ್ಪೆಷಲ್, ರೊಟ್ಟಿ ಕ್ಯಾನ್ಸಲ್!" ಅಪ್ಪನ ಅಂಗಡಿ ನಡೆಯುತ್ತಿದ್ದಾಗ ಅವನನ್ನು ಯಾರೂ ಸಾಬ್ ಎಂದು ಕರೆದಿರಲಿಲ್ಲ. ನನಗೂ, ಸುಳ್ಳೇಕೆ, ಅದನ್ನು ಕೇಳಲಿಕ್ಕೆ ಚೆನ್ನಾಗಿತ್ತು.

ಹೀಗೇ ನಡೆದಿದ್ದರೆ ಅಪ್ಪ ಇನ್ನೂ ಉಣ್ಣುತ್ತಿದ್ದನೋ ಏನೋ. ಅಷ್ಟರಲ್ಲಿ ಕಾರ್ಡಿನಲ್ಲಿದ್ದವರೆಲ್ಲ ಬಂದು ಹೆಬ್ಬೆಟ್ಟು ಒತ್ತಬೇಕೆಂದು ರೇಷನ್ ಅಂಗಡಿಯವರು ಹೇಳಿ ಕಳಿಸಿದರು. ಮನೆಮಂದಿಯೆಲ್ಲ ಹೋಗಿ ಒತ್ತಿದರು. ಒಂದು ಉಳಿಯಿತು.

"ನಿಮ್ಮ ಮನಿಯವ್ರು ಎಲ್ಲವ್ವಾ?" ಎಂದು ಅಂಗಡಿಯವರು ಕೇಳಿದರಂತೆ.

"ಅವ್ರು ಇಲ್ಲರೀ, ಹೋಗ್ಯಾರ" ಎಂದಳಂತೆ ಅವ್ವ. "ಊಟಕ್ಕಷ್ಟ ಬರ್ತಾರ."

ಅಂಗಡಿಯವರು ಯಂತ್ರ ಬದಿಗಿಟ್ಟು, ಕೂಡಲೇ ಹೆಸರು ತೆಗೆಸದಿದ್ದರೆ ಕಾರ್ಡಿಗೇ ತೊಂದರೆ ಎಂದು ಅಣ್ಣನಿಗೆ ಹೇಳಿದರು. ಅಣ್ಣ ನನಗೆ ಫೋನ್ ಮಾಡಿದ. ಓದಿದವಳು ನೀನು, ನೀನೇ ಬಾ ಎಂದ. ನಾನು ಹಲ್ಲು ಕಚ್ಚಿಕೊಂಡು ಮರುದಿನ ಬೆಳಿಗ್ಗೆಯ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ನಾಲ್ಕಕ್ಕೆ ಟ್ಯೂಷನ್ನಿಗೆ ವಾಪಸ್ ಬರಬೇಕಿತ್ತು, ಪರೀಕ್ಷೆ ಹತ್ತಿರ ಬಂದಿತ್ತು.

ತಹಶೀಲ್ ಕಚೇರಿಯಲ್ಲಿ ದೊಡ್ಡ ಸಾಲು. ಮರಣದ ದಾಖಲೆ ನನ್ನ ಕೈಯಲ್ಲಿ, ಅವ್ವ ನನ್ನ ಬೆನ್ನ ಹಿಂದೆ. ನಮ್ಮ ಮುಂದೆ ಇಬ್ಬರು ಉಳಿದಾಗ ಒಂದು ಗಂಟೆಯಾಗಿತ್ತು. ಆಗ ಅವ್ವ ನನ್ನ ಸೆರಗು ಜಗ್ಗಿದಳು.

"ಈ ತಿಂಗಳದ್ದು ನಿನ್ನಿ ಬಂದದ. ಅವ್ರು ಇನ್ನಾ ಉಂಡಿಲ್ಲ. ಉಣ್ಣಿಸಿ ಬರೂನು, ಆಮ್ಯಾಲ ತಗಸೂನು."

"ಕಲಬುರ್ಗಿಗಿ ಹೋಗಿ ಉಣ್ಣಿಸಿ ಬರೋದ್ರಾಗ ಆಫೀಸ್ ಬಂದ್ ಆಗ್ತದವ್ವ."

"ಇಲ್ಲೇ ಬಸ್‌ಸ್ಟ್ಯಾಂಡ ಖಾನಾವಳ್ಯಾಗ ಉಣ್ಣಿಸೂನು. ಮಂದಿ ಏನರೆ ಅನ್ಲಿ."

ಒಂದು ವರ್ಷ ವೈನಿಯ ಮರ್ಯಾದೆಗಾಗಿ ಊರು ಬಿಟ್ಟು ಊರಿಗೆ ಬಂದವಳು ಆ ಮಾತು ಆಡಿದಳೆಂದರೆ ಎಷ್ಟು ಸೋತಿದ್ದಳೆಂದು ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಸಾಲು ಬಿಟ್ಟರೆ ಮತ್ತೆ ಕೊನೆಗೆ ನಿಲ್ಲಬೇಕು ಎಂಬುದಷ್ಟೇ ತಲೆಯಲ್ಲಿತ್ತು.

"ಮೊದಲ ಹೆಸರು ತಗಸೂನು. ಆಮ್ಯಾಲ ಉಣ್ಣಿಸು."

"ತಗದ ಮ್ಯಾಲ ಹ್ಯಾಂಗ ಉಣ್ತಾರ?"

"ಸತ್ತ ಮ್ಯಾಲ ಹ್ಯಾಂಗ ಉಂಡ್ರೋ ಹಂಗ!"

ಜೋರಾಗಿಯೇ ಬಂತು ಮಾತು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅವ್ವ ನನ್ನ ಸೆರಗು ಬಿಟ್ಟಳು. ನಮ್ಮ ಪಾಳಿ ಬಂತು, ಆಪರೇಟರು ದಾಖಲೆ ನೋಡಿದರು, ಅವ್ವನ ಹೆಬ್ಬೆಟ್ಟು ತೆಗೆದುಕೊಂಡರು, ಗುಂಡಿ ಒತ್ತಿದರು. ಇಷ್ಟು ದಿನ ಅಣ್ಣ ಹೆದರಿದ್ದ ಕೆಲಸ ನೀರು ಕುಡಿಯುವಷ್ಟರಲ್ಲಿ ಮುಗಿಯಿತು. ಕಂಪ್ಯೂಟರು ಯಾರನ್ನೂ ನುಂಗಲಿಲ್ಲ.

"ಆತೇನ್ರಿ?" ಎಂದಳು ಅವ್ವ.

"ಆತವ್ವ."

"ಅರ್ಧಾ ತಾಸು ತಡದಿದ್ರ ಉಂಡು ಹೋಗ್ತಿದ್ರು" ಎಂದು ಆಪರೇಟರಿಗೆ ಹೇಳಿದಳು. ಅವರು ಮುಂದಿನವರನ್ನು ಕರೆದರು.

ಹೊರಗೆ ಬಂದು ನಾನು ಖಾನಾವಳಿಗೆ ಹೋಗೋಣ ಎಂದೆ. ನನ್ನ ದುಡ್ಡಿನಲ್ಲಿ ಎರಡು ಊಟ ಹೇಳುತ್ತೇನೆ ಎಂದೆ. ನಾಳೆ ಸೇಡಂ ರಸ್ತೆಗೇ ಹೋಗಿ ವಾಚ್‌ಮನ್ನರನ್ನು ಕರೆಸೋಣ ಎಂದೂ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಈಗ ಹೆಸರಿಲ್ಲ. ಈಗ ಆ ರೊಕ್ಕ ಮುಟ್ಟಿದ್ರ ಕಳವು ಆಗ್ತದ. ಖಾತ್ಯಾಗೇ ಬಿದ್ದಿರ್ಲಿ" ಎಂದಳು. ಅವಳ ಲೆಕ್ಕದಲ್ಲಿ ಅದು ಸರಿಯೇ ಇತ್ತು. ಮೂರು ತಿಂಗಳು ಆ ಲೆಕ್ಕದ ಅನ್ನ ಉಂಡು ಈಗ ತಪ್ಪು ಎನ್ನಲು ನನಗೆ ಬಾಯಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಅರ್ಧ ತಾಸನ್ನೇ ನೆನೆಯುತ್ತಾ ಬಂದೆ. ನನ್ನ ಮೇಲೆ ನನಗೇ ಹೇಸಿಕೆಯಾಗಿತ್ತು. ಆ ದಿನ ಟ್ಯೂಷನ್ನಿಗೆ ಬಂದ ಮಕ್ಕಳು ಇಬ್ಬರೇ.

ಕೆಲವು ತಿಂಗಳ ಮೇಲೆ ಸರ್ಕಾರ ದುಡ್ಡು ನಿಲ್ಲಿಸಿ ಅಕ್ಕಿಯನ್ನೇ ಕೊಡತೊಡಗಿತು. ಅವ್ವನ ಖಾತೆಗೆ ಈಗ ಬೇರೆ ದುಡ್ಡು ಬರುತ್ತದೆ, ಪಿಂಚಣಿ ಅದು ಇದು. ಮೊನ್ನೆ ಅದನ್ನು ತೆಗೆಸಲು ನಾನೇ ಅವಳ ಜೊತೆ ಕಮಲಾಪುರದ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿ ಹೊಸಬರಿದ್ದರು. ಪೂರಾ ತೆಗೆಯಲಾ ಎಂದು ಕೇಳಿದರು.

"ಪೂರಾ ಬ್ಯಾಡ್ರಿ, ಅದರಾಗ ಒಂದ್ ಊಟದ್ದು ಅಲ್ಲೇ ಬಿಟ್ಟು ಉಳದದ್ದು ಕೊಡ್ರಿ" ಎಂದಳು ಅವ್ವ. "ನಮ್ಮ ಮನಿಯವ್ರು ಇನ್ನಾ ಉಂಡಿಲ್ಲ."