ಮೊದಲ ಹಿಟ್ಟು

ತಿಲಕ್ ನಗರದ ಅಂಚಿನಲ್ಲಿ ತಿಮ್ಮರಾಯಪ್ಪನ ಹಿಟ್ಟಿನ ಮಿಲ್ಲು. ಬಡಾವಣೆಗೆಂದು ಹೊಲ ಹೋದಾಗ ಕೈಗೆ ಬಂದ ಪರಿಹಾರದಲ್ಲಿ ಹಾಕಿಸಿದ್ದು. ರಾಗಿ ಬೆಳೆಯುತ್ತಿದ್ದವನು ಹೀಗೆ ಕಂಡವರ ರಾಗಿ ಬೀಸುವವನಾದ. ಮಹಾ ಮುಂಗೋಪಿ. ಡಬ್ಬದ ಸಾಲು ತಪ್ಪಿಸಿದವರು ಎಂಥ ದೊಡ್ಡ ಮನುಷ್ಯರಾದರೂ ಬೈಸಿಕೊಂಡೇ ಹೋಗಬೇಕು. ಆದರೆ ಇನ್ನೊಬ್ಬರ ಹಿಟ್ಟಿನಲ್ಲಿ ಒಂದು ಹಿಡಿ ತೆಗೆದವನಲ್ಲ. ಆಗದವರೂ ಇದನ್ನು ಒಪ್ಪುತ್ತಿದ್ದರು.

ಬೀಸುವ ಕಲ್ಲು ಸವೆದರೆ ಉಳಿಯಿಂದ ಕುಟ್ಟಿಸಬೇಕು. ಕುಟ್ಟಿಸಿದ ಮೇಲೆ ಮೊದಲು ಒಂದಿಷ್ಟು ತೌಡು ಬೀಸಿ ಚೆಲ್ಲಬೇಕು. ಕಲ್ಲಿನ ಪುಡಿಯೆಲ್ಲ ಅದರೊಂದಿಗೆ ಹೋಗುತ್ತದೆ. ಆ ತೌಡನ್ನು ದನಕ್ಕೂ ಹಾಕುವುದಿಲ್ಲ. ಅರವತ್ತಮೂರನೇ ಇಸವಿ, ಗೋಕುಲಾಷ್ಟಮಿಯ ಹಿಂದಿನ ದಿನ, ಕಲ್ಲು ಕುಟ್ಟಿಸಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ಸಂಜೆ. ಚಕ್ಕುಲಿ ಹಿಟ್ಟಿಗೆ ಕಾದವರ ಸಾಲು ರಸ್ತೆಗಿಳಿದಿತ್ತು. ಅವರೂ ಕೂಗಾಡಿದರು, ಇವನೂ ಕೂಗಾಡಿದ. ಅದೇ ಸಿಟ್ಟಿನಲ್ಲಿ ತೌಡು ಬಿಟ್ಟು ಮೊದಲ ಡಬ್ಬದ ಅಕ್ಕಿಯನ್ನೇ ಸುರಿದುಬಿಟ್ಟ.

ಹಬ್ಬ ಕಳೆದ ಬೆಳಿಗ್ಗೆ ಜಯನಗರದ ಸರ್ವಮಂಗಳಮ್ಮ ಬಂದರು. ಸಾಲಿನಲ್ಲಿ ಮೊದಲಿದ್ದವರು. ದೇವರಿಗಿಟ್ಟ ಚಕ್ಕುಲಿ ಬಾಯಿಗಿಟ್ಟರೆ ಮರಳು ಕಡಿದ ಹಾಗೆ ಕರಕರ, ಮಕ್ಕಳೂ ಉಗಿದರು ಎಂದರು. ಆದರೆ ದೂರು ಮಿಲ್ಲಿನ ಮೇಲಲ್ಲ.

"ಅಕ್ಕಿ ಎದುರುಗಡೆ ಸಿದ್ದಲಿಂಗಯ್ಯನ ಅಂಗಡೀದು. ತೂಕಕ್ಕೆ ಮರಳು ಬೆರೆಸ್ತಾನೆ, ಈಗ ಗೊತ್ತಾಯ್ತು."

ತಿಮ್ಮರಾಯಪ್ಪ ಬಾಯಿ ಬಿಡಲಿಲ್ಲ. ಸಾಲಿನಲ್ಲಿ ಅವರ ಹಿಂದಿದ್ದ ಇನ್ನೆರಡು ಮನೆಯವರದೂ ಅದೇ ಕತೆ, ಅಕ್ಕಿಯೂ ಅದೇ ಅಂಗಡಿಯದು. ಮಾತು ಬೀದಿ ಬೀದಿ ಸುತ್ತಿತು. ಸಿದ್ದಲಿಂಗಯ್ಯ ಅಂಗಡಿ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರಿಗೆಲ್ಲ ಕಾಣುವಂತೆ ಮೊರದಲ್ಲಿ ಅಕ್ಕಿ ಕೇರತೊಡಗಿದ. ಕೊಳ್ಳುವವರಿಲ್ಲ. ಇತ್ತ ತಿಮ್ಮರಾಯಪ್ಪ ಕಾರಣವಿಲ್ಲದೆ ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದ.

ಮಿಲ್ಲು ಗುಡಿಸಲು ಬಂದ ಹೆಂಡತಿ ಬೈರಮ್ಮ ಮೂಲೆಯ ಡಬ್ಬ ಎತ್ತಿ ಅವನ ಮುಂದಿಟ್ಟಳು.

"ತೌಡು ಹಂಗೇ ಐತಲ್ಲ."

ಪೊರಕೆ ತೆಗೆದುಕೊಂಡು ಗುಡಿಸತೊಡಗಿದಳು.

ಮಾರನೆಯ ಬೆಳಿಗ್ಗೆ ಸಾಲು ತುಂಬಿರುವಾಗಲೇ ಮೋಟಾರು ನಿಲ್ಲಿಸಿದ. ತಪ್ಪೊಪ್ಪಿಕೊಳ್ಳುವುದನ್ನೂ ಬೈಯುವ ದನಿಯಲ್ಲೇ ಮಾಡಿದ.

"ಅಂಗಡಿ ಅಕ್ಕೀಲಿ ಏನೂ ಇರ್ಲಿಲ್ಲ. ಕಲ್ಲು ಕುಟ್ಟಿಸಿ, ತೌಡು ಬೀಸ್ದೇ ಜನದ ಅಕ್ಕಿ ಹಾಕ್ದೋನು ನಾನು. ಬೀಸಿಸೋರು ನಿಂತ್ಕೊಳ್ಳಿ, ಹೋಗೋರು ಹೋಗಿ."

ಅರ್ಧ ಡಬ್ಬಗಳು ಎದ್ದು ಹೋದವು. ಸುದ್ದಿ ಕಿವಿಗೆ ಬಿದ್ದದ್ದೇ ಸಿದ್ದಲಿಂಗಯ್ಯ ರಸ್ತೆ ದಾಟಿ ಬಂದ.

"ನಾನು ಮೊರ ಹಿಡ್ಕೊಂಡು ಕೂತಿದ್ದು ನಿನ್ ಕಣ್ಣಿಗೆ ಬೀಳ್ಲಿಲ್ವೇನಯ್ಯ?"

"ಬಿತ್ತು."

"ಮತ್ತೆ?"

ತಿಮ್ಮರಾಯಪ್ಪ ಹೋಗಿ ಮೋಟಾರು ಹಾಕಿದ.

ಮಧ್ಯಾಹ್ನ ಅದೇ ಅಂಗಡಿಗೆ ಹೋಗಿ ಮೂರು ಮನೆಗಾಗುವಷ್ಟು ಅಕ್ಕಿ ಕೇಳಿದ. ಸಿದ್ದಲಿಂಗಯ್ಯ ತೂಗಿ ಕೊಟ್ಟ, ದುಡ್ಡು ತೆಗೆದುಕೊಂಡ, ಮುಖ ನೋಡಲಿಲ್ಲ. ಅಕ್ಕಿ ಬೀಸಿ ತಿಮ್ಮರಾಯಪ್ಪನೇ ಹೊತ್ತುಕೊಂಡು ಹೋದ. ಸರ್ವಮಂಗಳಮ್ಮ ಬಾಗಿಲಲ್ಲಿ ಹಿಟ್ಟು ಇಸಿದುಕೊಂಡರು.

"ನಾನೂ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ ಆ ಅಂಗಡಿಯವ್ರನ್ನ. ನೀವು ಜೊತೆಗಿದ್ರೆ ಹೋಗಿ ಒಂದು ಮಾತು ಹೇಳಿಬರ್ತೀನಿ."

"ನಂದು ನಾನು ಹೇಳಿದ್ದಾಯ್ತು ತಾಯಿ. ನಿಮ್ದು ನೀವೇ ಹೇಳ್ಕೊಳಿ," ಎಂದು ತಿಮ್ಮರಾಯಪ್ಪ ಉಳಿದೆರಡು ಡಬ್ಬ ಎತ್ತಿಕೊಂಡ.